ಅಳಿಸಬೇಡ, ಗೆರೆ ಹೊಡಿ

ವಿಡ್ನೆಸ್ಸಿನ ನೀರು ತಪಾಸಣೆಯ ಲ್ಯಾಬಿನಲ್ಲಿ
ಮೂರನೇ ಬೆಂಚು ನನ್ನದು.
ಬಿಳಿ ಕೋಟಿನ ಮೇಲೆ ‘ಅಪ್ರೆಂಟಿಸ್’ ಎಂಬ ಬಿಲ್ಲೆ,
ಒಳಗೆ ನಲವತ್ತೊಂದು ವರ್ಷ.
ಪಕ್ಕದ ಬೆಂಚಿನ ಕ್ಯಾಲಮ್‌ಗೆ ಹತ್ತೊಂಬತ್ತು.
ಬಾಟಲಿ ತರುವ ವ್ಯಾನಿನವನು ನೇರ ನನ್ನ ಬಳಿ ಬಂದು
‘ಸಹಿ ಮಾಡಿ ಮೇಡಂ’ ಎಂದರೆ
ಕ್ಯಾಲಮ್‌ನನ್ನು ತೋರಿಸುತ್ತೇನೆ:
ಅವನು ನನಗಿಂತ ಆರು ತಿಂಗಳು ಹಿರಿಯ.

ಯಾರದೋ ಅಡುಗೆಮನೆಯ ನಲ್ಲಿ, ಯಾವುದೋ ಶಾಲೆಯ ಟ್ಯಾಂಕು,
ಮುದುಕರ ಆಶ್ರಮವೊಂದರ ಶವರು,
ಮರ್ಸಿ ನದಿಯ ಕಂದು.
ಸೀಲು ನೋಡು, ಚೀಟಿ ನೋಡು, ತಾಪ ಬರೆ.
ಮೂಸಬೇಡ.
ಊರಲ್ಲಿ ನಾವು ಮೊದಲು ಮೂಸುತ್ತಿದ್ದೆವು,
ಆಮೇಲೆ ಸೆರಗು ಮಡಚಿ ಸೋಸುತ್ತಿದ್ದೆವು.

ಗ್ವೆನ್ ಪೆನ್ಕೆತ್, ಮೂವತ್ತು ವರ್ಷದಿಂದ ಇಲ್ಲೇ ಇರುವಾಕೆ,
ಬ್ಯೂರೆಟ್ಟಿನ ಮುಂದೆ ನನ್ನ ಹೆಗಲು ಹಿಡಿದು ಬಗ್ಗಿಸಿದಳು:
‘ಕಣ್ಣು ನೀರಿನ ಮಟ್ಟಕ್ಕೆ ಇಳಿಯಬೇಕು.
ನಿಂತಲ್ಲಿಂದ ಓದಿದರೆ ನೀರು ಸುಳ್ಳು ಹೇಳುತ್ತೆ.’

ರಾಣೆಬೆನ್ನೂರಿನ ನಮ್ಮ ಹೈಸ್ಕೂಲಿನಲ್ಲಿದ್ದದ್ದು ಒಂದೇ ಬ್ಯೂರೆಟ್ಟು,
ಕಪಾಟಿನೊಳಗೆ, ಕಪಾಟಿಗೆ ಬೀಗ.
ಇನ್‌ಸ್ಪೆಕ್ಟರು ಬರುವ ದಿನ ಬಣಕಾರ ಮಾಸ್ತರು
ಅದನ್ನು ಹೊರತೆಗೆದು, ಕೂಸಿನ ಮೈ ಒರೆಸಿದ ಹಾಗೆ ಒರೆಸಿ
ಮತ್ತೆ ಒಳಗಿಡುತ್ತಿದ್ದರು.
ನಾವು ಬೋರ್ಡಿನ ಚಿತ್ರ ನೋಡಿ
ಹನಿ ಬಿತ್ತೆಂದು, ಬಣ್ಣ ತಿರುಗಿತೆಂದು ಜರ್ನಲ್ಲಿನಲ್ಲಿ ಬರೆದು ಪಾಸಾದೆವು.
ಕಾಣದ ಗುಲಾಬಿಗೆ
ಹತ್ತಕ್ಕೆ ಒಂಬತ್ತು ಅಂಕ.

ಅದಕ್ಕೇ ಇರಬೇಕು,
ಮೊದಲ ಸಲ ಕಣ್ಣೆದುರೇ ಗುಲಾಬಿ ಮೂಡಿದಾಗ
ತಿರುಪು ಮುಚ್ಚುವುದನ್ನು ಮರೆತೆ.
ಬೀಟ್‌ರೂಟ್ ಬೇಯಿಸಿದ ನೀರಾಯಿತು.
ಕ್ಯಾಲಮ್ ನಕ್ಕ. ಬಿಳಿಶಾಯಿ ಹುಡುಕುತ್ತಿದ್ದ ನನ್ನ ಕೈಯನ್ನು
ಗ್ವೆನ್ ತಡೆದಳು: ‘ಅಳಿಸಬೇಡ, ಗೆರೆ ಹೊಡಿ.
ಒಂದೇ ಗೆರೆ. ಅಡಿಯ ಅಂಕಿ ಓದಲು ಬರಬೇಕು.
ಪಕ್ಕದಲ್ಲಿ ನಿನ್ನ ಹೆಸರಿನ ಮೊದಲಕ್ಷರ, ಇವತ್ತಿನ ತಾರೀಖು.’

ಗುರುವಾರ ಕಾಲೇಜು, ಲಿವರ್‌ಪೂಲಿಗೆ ರೈಲು.
ಉಪನ್ಯಾಸಕರು ನೈಟ್ರೋಜನ್ ಎನ್ನುತ್ತಾರೆ,
ನನ್ನೊಳಗೆ ಬಣಕಾರ ಮಾಸ್ತರು ಸಾರಜನಕ ಎನ್ನುತ್ತಾರೆ.
ಹೈಡ್ರೋಜನ್ ಎಂದರೆ ಜಲಜನಕ,
ಆಕ್ಸಿಜನ್ ಎಂದರೆ ಆಮ್ಲಜನಕ,
ಎಲ್ಲ ಜನಕರೂ ಶಾಲೆ ಬಿಡುವ ಹೊತ್ತಿಗೆ
ಗೇಟಿನ ಹೊರಗೆ ಕೊಡೆ ಹಿಡಿದು ನಿಂತ ಅಪ್ಪಂದಿರ ಹಾಗೆ.
ಒಬ್ಬೊಬ್ಬರನ್ನೇ ಒಳಗೆ ಕರೆದು ಕೂರಿಸುವಷ್ಟರಲ್ಲಿ
ಸ್ಲೈಡು ಮೂರು ಮುಂದೆ.
ಸಂಖ್ಯಾಶಾಸ್ತ್ರದಲ್ಲಿ ಮೂವತ್ತೆಂಟು ಬಂತು.
ನಲವತ್ತು ಬೇಕಿತ್ತು.

ರಾತ್ರಿ ಊಟದ ಮೇಜಿಗೆ ಎರಡು ಕೆಮಿಸ್ಟ್ರಿ:
ಮೇದಿನಿಯದು ಜಿಸಿಎಸ್‌ಇ, ನನ್ನದು ಡಿಗ್ರಿ.
ಇರುವುದೊಂದು ಕ್ಯಾಲ್ಕುಲೇಟರು, ಅದಕ್ಕೆ ಜಗಳ.
‘ಅಂಗಡಿ ಕೆಲಸ ಚೆನ್ನಾಗೇ ಇತ್ತಲ್ಲಮ್ಮಾ’
ಎಂದಳು ಒಮ್ಮೆ, ಕುಟುಕಲೆಂದಲ್ಲ, ನಿದ್ದೆಗಣ್ಣಿನಲ್ಲಿ.
ಚೆನ್ನಾಗೇ ಇತ್ತು. ಹನ್ನೊಂದು ವರ್ಷ
ಬೀಪ್, ಬೀಪ್, ಚೀಲ ಬೇಕೇ, ಥ್ಯಾಂಕ್ಯೂ.
ಮದುವೆಗೆಂದು ಅರ್ಧಕ್ಕೆ ಬಿಟ್ಟ ಬಿ.ಎಸ್ಸಿ.ಯ ಅಂಕಪಟ್ಟಿ
ಲ್ಯಾಮಿನೇಟಾಗಿ, ಚಳಿಗಾಲದ ರಜಾಯಿಗಳ ಅಡಿಯಲ್ಲಿ.
ಆ ಹನ್ನೊಂದರ ಮೇಲೂ ಒಂದೇ ಗೆರೆ,
ಅಡಿಯಲ್ಲಿ ಓದಲು ಬರುತ್ತದೆ.
ಮಗಳಿಗೆ ಇದನ್ನೆಲ್ಲ ಹೇಳಲಿಲ್ಲ.
ಎದ್ದು ಹೋಗಿ ಉಪ್ಪಿಟ್ಟಿಗೆ ಕಣ್ಣಳತೆಯಲ್ಲಿ ಉಪ್ಪು ಹಾಕಿದೆ.
ಹೆಚ್ಚಾಯಿತು.

ಈ ಸೋಮವಾರ ಬಂದ ಬಾಟಲಿಗಳಲ್ಲಿ
ಒಂದರ ಚೀಟಿಯ ಮೇಲೆ ನಮ್ಮ ಬೀದಿಯ ಹೆಸರು.
ಮನೆ ನಂಬರು ಬೇರೆ. ಪೈಪು ಅದೇ.
ಯಾರಿಗೂ ಹೇಳಲಿಲ್ಲ.
ಉಳಿದ ಬಾಟಲಿಗಳಿಗೆ ಮಾಡಿದಷ್ಟೇ ಮಾಡಿದೆ,
ಹೆಚ್ಚಿಲ್ಲ, ಕಡಿಮೆಯಿಲ್ಲ,
ಕೈ ಮಾತ್ರ ಒಂದಿಷ್ಟು ನಡುಗಿತು.
ನೈಟ್ರೇಟು, ಸೀಸ, ಕ್ಲೋರಿನ್ನು: ಎಲ್ಲ ಮಿತಿಯೊಳಗೆ.
ಗೆರೆ ಇಲ್ಲದ ಒಂದು ಸಾಲು ಬರೆದೆ, ಸಹಿ ಹಾಕಿದೆ.

ಸಂಜೆ ಮೇದಿನಿ ನಲ್ಲಿ ತಿರುಗಿಸಿ ಲೋಟ ತುಂಬಿಸಿ
ಮೇಜಿನ ಮೇಲಿಟ್ಟು ಫೋನು ನೋಡುತ್ತಿದ್ದಳು.
ನಾನು ಬಗ್ಗಿ, ನೀರಿನ ಮಟ್ಟಕ್ಕೆ ಕಣ್ಣಿಳಿಸಿದೆ.
‘ಏನಮ್ಮಾ?’

‘ಏನಿಲ್ಲ. ಕುಡಿ.’